ಗೊರಸಣ್ಣನ ಎಡಗಾಲು

ಹಸುವಿನ ಗೊರಸು ಕತ್ತರಿಸುವುದೇ ಅವನ ಕಸುಬು. ಸುತ್ತಿನ ಏಳೆಂಟು ಊರುಗಳಿಗೆ ಅವನು ಗೊರಸಣ್ಣ. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಕೊಟ್ಟಿಗೆಗೆ ಬಂದವನೇ ಹಸುವಿನ ಬೆನ್ನು ಸವರಿ, ಹಿಂಗಾಲೆತ್ತಿ ತನ್ನ ಎಡತೊಡೆಯ ಮೇಲೆ ಇಟ್ಟುಕೊಂಡು, ಗೊರಸಿನ ಮೇಲೆ ಅಂಗೈ ಊರಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಗೊರಸು ಬಿಸಿಯಿದ್ದರೆ ಒಳಗೆ ಬಾವು ಬಂದಿದೆ, ಕೀವು ಕಟ್ಟಿದೆ ಎಂದು ಅರ್ಥ. ತಣ್ಣಗಿದ್ದರೆ ಚಿಂತೆಯಿಲ್ಲ, ಬೆಳೆದಷ್ಟನ್ನು ಕತ್ತರಿಸಿ ಬಿಟ್ಟರಾಯಿತು. ಇಪ್ಪತ್ತೆಂಟು ವರ್ಷ ಅವನು ಇದನ್ನೇ ನಂಬಿ ಕೆಲಸ ಮಾಡಿದ್ದ. ಒಂದು ಸಲವೂ ಅದು ಅವನ ಕೈಬಿಟ್ಟಿರಲಿಲ್ಲ.

ಅವನ ಹೆಂಡತಿ ಹಾಲು ಕರೆಯುವವಳು. ಮನೆಯ ಎರಡು ಹಸುಗಳ ಜೊತೆಗೆ ಊರಾಚೆಯ ದೊಡ್ಡ ಕೊಟ್ಟಿಗೆಯ ಹನ್ನೊಂದು ಹಸುಗಳನ್ನೂ ಬೆಳಿಗ್ಗೆ ಸಂಜೆ ಅವಳೇ ಕರೆಯಬೇಕು. ಗಂಡ ಹೆಂಡತಿ ಇಬ್ಬರೂ ಒಂದೇ ಹಸುವಿನ ಹಿಂದೆ ಮುಂದೆ ನಿಂತು ಜಗಳವಾಡಿಕೊಂಡೇ ಸಂಸಾರ ಮಾಡಿದವರು.

"ಹಸು ಅಂದ್ರೆ ಕಾಲು ಕಣೇ. ಕಾಲು ನೆಟ್ಟಗಿದ್ರೆ ಮೇವು, ಮೇವಿದ್ರೆ ಹಾಲು," ಎನ್ನುತ್ತಿದ್ದ ಅವನು.

"ಹಾಗಾದ್ರೆ ನಾಳೆಯಿಂದ ಕಾಲನ್ನೇ ಕರೀರಿ. ಚೊಂಬು ತಂದುಕೊಡ್ತೀನಿ," ಎನ್ನುತ್ತಿದ್ದಳು ಅವಳು.

ಆ ವರ್ಷ ಎಲ್ಲ ಕಡೆ ಹಬ್ಬಿದ್ದ ವೈರಸ್ ಜ್ವರ ಗೊರಸಣ್ಣನನ್ನೂ ಬಿಡಲಿಲ್ಲ. ಆರೋಗ್ಯ ಕೇಂದ್ರದ ನರ್ಸು ಬಂದು ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದಳು. ಬಂದಿರುವುದು ಅದೇ ಎಂದು ಹೇಳಿ, ಹತ್ತು ದಿನ ಯಾರೂ ಹತ್ತಿರ ಹೋಗಕೂಡದು ಎಂದಳು. ಮನೆಯ ಪಕ್ಕ ಅವನ ಹತಾರಗಳನ್ನಿಡುವ ಚಿಕ್ಕ ಕೋಣೆಯೊಂದಿತ್ತು. ಬಾಗಿದ ಚಾಕುಗಳು, ಇಕ್ಕಳ, ಅರಗಳನ್ನೆಲ್ಲ ಗೋಡೆಗೆ ನೇತುಹಾಕಿ ನಡುವೆ ಮಂಚ ಹಾಕಿದರು. ಹೆಂಡತಿ ಕಿಟಕಿಯ ಕಟ್ಟೆಯ ಮೇಲೆ ಊಟ, ಬಿಸಿನೀರು ಇಟ್ಟು ದೂರ ಸರಿದು ನಿಲ್ಲುವಳು, ಅವನು ಎದ್ದು ಬಂದು ತೆಗೆದುಕೊಳ್ಳುವನು. ಮೊದಲ ಐದು ದಿನ ಜ್ವರ ಅವನನ್ನು ಹಿಂಡಿ ಹಿಪ್ಪೆ ಮಾಡಿತು. ಆರನೆಯ ದಿನ ಜ್ವರ ಇಳಿಯಿತು, ಕೆಮ್ಮು ಉಳಿಯಿತು. ಏಳನೆಯ ದಿನ ಊಟಕ್ಕೆ ಉಪ್ಪು ಕಡಿಮೆ ಎಂದ. ಅದನ್ನು ಕೇಳಿದ ಮೇಲೆ ಇನ್ನು ಗಂಡನಿಗೆ ಭಯವಿಲ್ಲ ಎಂದು ಅವಳು ನಿರಾಳವಾದಳು.

ಒಂಬತ್ತನೆಯ ದಿನ ಸಂಜೆ, ದೊಡ್ಡ ಕೊಟ್ಟಿಗೆಯ ಕೆಲಸ ಮುಗಿಸಿ ಬಂದು ಅವಳು ತಟ್ಟೆ ಇಡುವಾಗ ಅವನು ಮಂಚದ ಅಂಚಿನಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದ.

"ಎಡಗಾಲು ಜೋಮು ಹಿಡಿದಿದೆ ಕಣೇ. ಬಿಡೋದೇ ಇಲ್ಲ ಅಂತಿದೆ."

"ಒಂಬತ್ತು ದಿನ ಬಿದ್ಕೊಂಡೇ ಇದ್ರೆ ಕಾಲಿಗೂ ಸೋಮಾರಿತನ ಬರುತ್ತೆ. ನಾಲ್ಕು ಹೆಜ್ಜೆ ಓಡಾಡಿ."

ಇಷ್ಟೇ ಮಾತು. ಅವಳಿಗೆ ಮನೆಯ ಹಸುಗಳ ಕೆಲಸ ಬಾಕಿಯಿತ್ತು, ಹೊರಟುಹೋದಳು.

ಮರುದಿನ ಬೆಳಿಗ್ಗೆ ಬಿಸಿನೀರಿನ ಪಾತ್ರೆ ಹಿಡಿದು ಬಂದಾಗ ಅವನ ಮುಖ ಬಾಡಿತ್ತು. ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದ. ಮೀನಖಂಡದಿಂದ ಕೆಳಗೆ ಯಾರೋ ಹಗ್ಗ ಬಿಗಿದು ತಿರುಚಿದ ಹಾಗೆ ನೋವಂತೆ.

"ಕೂಗಬಾರದಿತ್ತಾ?"

"ಕೂಗಿ ಏನ್ಮಾಡಲಿ, ನೀನು ಒಳಗೆ ಬರೋ ಹಾಗಿಲ್ವಲ್ಲ. ಈಗ ನೋವು ಇಳಿದಿದೆ. ನಾನೂ ಎಲ್ಲ ನೋಡ್ಕೊಂಡಿದೀನಿ ಬಿಡು. ಪಾದದ ಮೇಲೆ ಅಂಗೈ ಇಟ್ಟೆ. ತಣ್ಣಗೆ, ಕಲ್ಲು ಮುಟ್ಟಿದ ಹಾಗಿದೆ. ಬಾವಿಲ್ಲ, ಕೀವಿಲ್ಲ. ಬಿಸಿ ಇದ್ದಿದ್ರೆ ನಾನೇ ಹೆದರ್ತಿದ್ದೆ."

ತಣ್ಣಗೆ ಎಂದದ್ದೇ ಅವಳಿಗೆ ಹಳೆಯದೊಂದು ನೆನಪಾಯಿತು. ಎರಡು ವರ್ಷದ ಹಿಂದೆ ದೊಡ್ಡ ಕೊಟ್ಟಿಗೆಯಲ್ಲಿ ಒಂದು ಹಸುವಿಗೆ ಕೆಚ್ಚಲುಬಾವು ಬಂದಿತ್ತು. ಸಂಜೆ ಕೆಚ್ಚಲು ಕೆಂಡದ ಹಾಗೆ ಸುಡುತ್ತಿತ್ತು. ಬೆಳಿಗ್ಗೆ ಮುಟ್ಟಿದರೆ ಒಂದು ಭಾಗ ತಣ್ಣಗಾಗಿತ್ತು. ಬಾವು ಇಳಿಯಿತು ಎಂದು ಅವಳು ಹಿಗ್ಗಿದಾಗ ಪಶುವೈದ್ಯರು ತಲೆಯಾಡಿಸಿದ್ದರು. ಬಿಸಿ ಇರೋವರೆಗೂ ಒಳಗೆ ರಕ್ತ ಬಂದು ಹೋರಾಡ್ತಿದೆ ಅಂತ ಅರ್ಥ ತಾಯಿ, ತಣ್ಣಗಾದ್ರೆ ರಕ್ತ ಬರೋದೇ ನಿಂತಿದೆ ಅಂತ, ಎಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಭಾಗ ಶಾಯಿ ಚೆಲ್ಲಿದ ಹಾಗೆ ನೀಲಿಯಾಯಿತು. ಹತ್ತು ದಿನಕ್ಕೆ ಕೊಳೆತು ಕಳಚಿ ಬಿತ್ತು.

ಅವಳು ಪಾತ್ರೆಯನ್ನು ನೆಲದ ಮೇಲಿಟ್ಟು, ಸೆರಗನ್ನು ಮೂಗು ಬಾಯಿಗೆ ಬಿಗಿದುಕೊಂಡು ಬಾಗಿಲು ತಳ್ಳಿ ಒಳಗೆ ಹೋದಳು.

"ಏ, ಏ, ಬರಬೇಡ್ವೇ! ಇನ್ನೂ ಹತ್ತು ದಿನ ತುಂಬಿಲ್ಲ!"

"ಆ ಹತ್ತು ದಿನ ನೀವೇ ಇಟ್ಕೊಳ್ಳಿ. ಕಾಲು ಚಾಚಿ."

ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಕೈಯಲ್ಲಿ ಒಂದೊಂದು ಪಾದ ಹಿಡಿದಳು. ಬಲಪಾದ ಬೆಚ್ಚಗಿತ್ತು. ಎಡಪಾದ ಒದ್ದೆ ಜೇಡಿಮಣ್ಣಿನ ಹಾಗೆ ತಣ್ಣಗೆ ಕೊರೆಯುತ್ತಿತ್ತು. ಬೆರಳುಗಳನ್ನು ನಿಧಾನವಾಗಿ ಮೇಲಕ್ಕೆ ಸರಿಸಿದಳು. ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ, ಗೆರೆ ಎಳೆದ ಹಾಗೆ, ಬಿಸುಪು ಶುರುವಾಯಿತು. ಬಲಗಾಲಿನ ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಓಡಿಬಂತು. ಎಡಗಾಲಿನದನ್ನು ಒತ್ತಿ ಬಿಟ್ಟಳು. ಬಿಳಿ ಬಿಳಿಯಾಗಿಯೇ ಇತ್ತು. ಕಿರುಬೆರಳನ್ನು ಉಗುರಿನಿಂದ ಚಿವುಟಿದಳು.

"ಈಗ ನೋವಾಯ್ತಾ?"

"ಯಾವಾಗ?" ಎಂದ ಅವನು.

ಅವಳು ಮತ್ತೇನೂ ಕೇಳದೆ ಹೊರಗೆ ಓಡಿದಳು. ಅವಳ ಮೈದುನ ಹಾಲಿನ ಗಾಡಿ ಓಡಿಸುವವನು. ಆಗಷ್ಟೇ ಕ್ಯಾನುಗಳನ್ನು ಹೇರಿಕೊಂಡು ಹೊರಡಲು ಸಿದ್ಧನಾಗಿದ್ದ.

"ಕ್ಯಾನು ಇಳಿಸು. ನಿಮ್ಮಣ್ಣನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ಅತ್ತಿಗೆ, ಹಾಲು ಕೆಟ್ಟುಹೋಗುತ್ತೆ!"

"ಹಾಲು ಕೆಟ್ರೆ ಸಂಜೆ ಮತ್ತೆ ಕರೀತೀನಿ. ಕಾಲು ಕೆಟ್ರೆ ಎಲ್ಲಿಂದ ಕರೀಲಿ? ಇಳಿಸೋ!"

ಮೈದುನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕ್ಯಾನು ಇಳಿಸಿದ. ಗೊರಸಣ್ಣ ಗಾಡಿಯ ಹಿಂದೆ ಗೋಣಿಯ ಮೇಲೆ ಕೂತು ದಾರಿಯುದ್ದಕ್ಕೂ ಗೊಣಗಿದ. ಜೋಮು ಹಿಡಿದ ಕಾಲಿಗೆ ಇಷ್ಟು ಮೆರವಣಿಗೆಯೇ, ಹಾಲು ಕರೆಯುವವಳು ಯಾವಾಗ ಕಾಲಿನ ಪಂಡಿತಳಾದಳು ಎಂದ. ಗಾಡಿ ಅರ್ಧ ದಾರಿ ಸವೆಸಿದ ಮೇಲೆ ಗೊಣಗಾಟ ನಿಂತಿತು. ನೋವು ಮತ್ತೆ ಕೆರಳಿತ್ತು.

ದೊಡ್ಡಾಸ್ಪತ್ರೆಯಲ್ಲಿ ವೈರಸ್ ರೋಗಿಗಳಿಗೆಂದು ಹಿಂದಿನ ಬಾಗಿಲನ್ನು ಬೇರೆ ಮಾಡಿದ್ದರು. ಒಳಗಿನ ಉದ್ದನೆಯ ಕೋಣೆಯಲ್ಲಿ ಪರದೆ ಕಟ್ಟಿದ ಆರು ಮಂಚಗಳು, ಗೋಡೆಯಲ್ಲಿ ಆಮ್ಲಜನಕದ ನಳಿಕೆಗಳು. ಅವಳಿಗೂ ಗೌನು, ಮುಖಗವಸು ತೊಡಿಸಿ ಜೊತೆಗೆ ಬಿಟ್ಟರು. ಬಂದ ಸರ್ಜನ್ ಗಿಡ್ಡನೆಯ ಹೆಂಗಸು. ಮೈಯೆಲ್ಲ ಮುಚ್ಚಿ ಕಣ್ಣು ಮಾತ್ರ ಕಾಣುತ್ತಿತ್ತು, ದನಿ ಕೂಗಿ ಕೂಗಿ ಒಡೆದುಹೋಗಿತ್ತು. ಪೆನ್ನಿನಂಥ ಒಂದು ಯಂತ್ರದ ತುದಿಗೆ ಲೋಳೆಯಂಥ ಜೆಲ್ ಹಚ್ಚಿ ಗೊರಸಣ್ಣನ ಬಲಪಾದಕ್ಕೆ ಇಟ್ಟಳು. ಅದಕ್ಕೆ ಜೋಡಿಸಿದ ಡಬ್ಬಿಯೊಳಗಿಂದ ಧುಸ್, ಧುಸ್ ಎಂದು ಸದ್ದು ಬಂತು. ಎಡಪಾದಕ್ಕೆ ಇಟ್ಟು ಅತ್ತ ಇತ್ತ ಹುಡುಕಿದಳು. ಸದ್ದಿಲ್ಲ.

"ನಾಡಿ ಇಲ್ಲ," ಎಂದಳು.

"ನಾಡಿ ಇಲ್ದೆ ನಾನು ಹೇಗೆ ಮಾತಾಡ್ತಿದೀನಿ ಡಾಕ್ಟ್ರಮ್ಮ?"

"ಕಾಲಲ್ಲಿ ಇಲ್ಲ ಅಂದೆ. ಬಾಯಲ್ಲಿ ಬೇಕಾದಷ್ಟಿದೆ."

ನರ್ಸಿಗೆ ಹೇಳಿ ಕೂಡಲೇ ರಕ್ತನಾಳಕ್ಕೆ ಒಂದು ಔಷಧಿ ಕೊಡಿಸಿದಳು. ಆಮೇಲೆ ಗಂಡ ಹೆಂಡತಿಗೆ ಬಿಡಿಸಿ ಹೇಳಿದಳು. ಈ ವೈರಸ್ಸು ಎದೆಗೆ ಬರುವ ಕಾಯಿಲೆ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಕೆಲವರಲ್ಲಿ ಅದು ರಕ್ತವನ್ನೇ ಕೆಡಿಸುತ್ತದೆ. ಜ್ವರ ಬಿಟ್ಟು ಮನುಷ್ಯ ಚೇತರಿಸಿಕೊಳ್ಳುವ ಹೊತ್ತಿಗೆ ರಕ್ತ ಎಲ್ಲೋ ಒಂದು ಕಡೆ ಹೆಪ್ಪುಗಟ್ಟಿಬಿಡುತ್ತದೆ. ಇವನಿಗೆ ಕಾಲಿಗೆ ಹೋಗುವ ದೊಡ್ಡ ರಕ್ತನಾಳ ಮುಚ್ಚಿಹೋಗಿದೆ. ಈಗ ಕೊಟ್ಟ ಔಷಧಿ ಹೆಪ್ಪು ಬೆಳೆಯದ ಹಾಗೆ ತಡೆಯುತ್ತದೆ, ಇರುವುದನ್ನು ಕರಗಿಸುವುದಿಲ್ಲ. ಅದನ್ನು ತೊಡೆಯ ಸಂದಿಯಲ್ಲಿ ಕುಯ್ದು ಹೊರಗೆ ಎಳೆಯಬೇಕು.

ಹೇಳಿ ಮುಗಿಸಿ ಪರದೆಯಾಚೆ ಹೋಗಿ ಕಿರಿಯ ಡಾಕ್ಟರ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಿದಳು. ಒಡಕು ದನಿ ಎಷ್ಟು ತಗ್ಗಿಸಿದರೂ ಪರದೆ ದಾಟಿ ಬಂತು.

"ಆರು ಗಂಟೆ ಒಳಗಾಗಿದ್ರೆ ಧೈರ್ಯವಾಗಿ ತೆಗೀಬಹುದು. ಅದಕ್ಕಿಂತ ಹೆಚ್ಚಾಗಿದ್ರೆ, ಕಾಲನ್ನೇ ತೆಗಿಯೋದು ಕ್ಷೇಮವಾ ಅಂತ ಯೋಚನೆ ಮಾಡ್ಬೇಕು. ಸತ್ತ ಮಾಂಸಕ್ಕೆ ರಕ್ತ ಬಿಟ್ರೆ ಅದರ ವಿಷವೆಲ್ಲ ಹೃದಯಕ್ಕೆ, ಕಿಡ್ನಿಗೆ ಹೋಗುತ್ತೆ. ಮನುಷ್ಯನೇ ಹೋಗಿಬಿಡ್ತಾನೆ."

ಗೊರಸಣ್ಣನೂ ಕೇಳಿಸಿಕೊಂಡ. ಹೆಂಡತಿಯ ಕಡೆ ತಿರುಗಿ ನೋಡಿದ. ಆ ನೋಟ ಏನು ಹೇಳುತ್ತಿದೆ ಎಂದು ಅವಳಿಗೆ ತಿಳಿಯಿತು. ಸುಮ್ಮನಿರು ಎನ್ನುತ್ತಿತ್ತು.

ಸರ್ಜನ್ ಪರದೆ ಸರಿಸಿ ಬಂದಳು. "ಯಾವಾಗ ಶುರುವಾಯ್ತು?"

"ಇವತ್ತು ಬೆಳಿಗ್ಗೆ. ಐದು ಗಂಟೆಗೆ," ಎಂದ ಗೊರಸಣ್ಣ.

ಗೋಡೆಯ ಗಡಿಯಾರ ಒಂಬತ್ತು ತೋರಿಸುತ್ತಿತ್ತು. ಸರ್ಜನ್ ತಲೆಯಾಡಿಸಿ ಕಾಗದದ ಮೇಲೆ ಬರೆಯಲು ಪೆನ್ನು ತೆಗೆದಳು.

ಹೆಂಡತಿ ಆ ಪೆನ್ನನ್ನೇ ನೋಡಿದಳು. ಹಿಂದಿನ ಸಂಜೆ ತಟ್ಟೆ ಇಟ್ಟ ಹೊತ್ತು ಅವಳಿಗೆ ಸರಿಯಾಗಿ ಗೊತ್ತು. ದೊಡ್ಡ ಕೊಟ್ಟಿಗೆಯ ಹನ್ನೊಂದು ಹಸು ಮುಗಿಯುವುದು ಐದಕ್ಕೆ, ಮನೆ ಸೇರುವುದು ಐದೂವರೆಗೆ. ವರ್ಷದ ಮುನ್ನೂರ ಅರವತ್ತೈದು ದಿನವೂ ಅಷ್ಟೇ. ಐದೂವರೆಯಿಂದ ಈಗಿನವರೆಗೆ ಹದಿನೈದು ಗಂಟೆ ದಾಟಿದೆ. ಹೇಳಿದರೆ ಕಾಲು ಹೋಗಬಹುದು. ಹೇಳದಿದ್ದರೆ ಕಾಲಿನ ಜೊತೆ ಅವನೂ ಹೋಗಬಹುದು.

"ಅಲ್ಲ ಡಾಕ್ಟ್ರಮ್ಮ," ಎಂದಳು. "ನಿನ್ನೆ ಸಂಜೆ ಐದೂವರೆಗೇ ಜೋಮು ಅಂದ್ರು. ನಾನೇ ಓಡಾಡಿ ಅಂದು ಹೋಗ್ಬಿಟ್ಟೆ. ರಾತ್ರಿಯೆಲ್ಲ ನೋವಿತ್ತಂತೆ."

"ಸುಳ್ಳು! ಅವಳಿಗೆ ಹೊತ್ತು ಗೊತ್ತಾಗಲ್ಲ!"

"ಗಡಿಯಾರ ನಿಂತ್ರೂ ನಾನು ಹೊತ್ತು ತಪ್ಪಲ್ಲ ಅಂತ ಊರಿಗೆಲ್ಲ ನೀವೇ ಹೇಳ್ಕೊಂಡು ತಿರುಗ್ತೀರಲ್ಲ."

ಗೊರಸಣ್ಣನ ಕಣ್ಣು ಕೆಂಪಾಯಿತು. "ನನ್ನ ಕಾಲಿಗಿಂತ ನಿನಗೆ ಹೊತ್ತು ಹೆಚ್ಚಾಯ್ತಲ್ಲೇ! ಒಂದು ಕಾಲಲ್ಲಿ ನಿಂತು ಯಾವ ಹಸುವಿನ ಕಾಲು ಎತ್ತಲಿ ನಾನು? ಹೇಳು!"

ಕೂಗಿ ಕೆಮ್ಮು ಹತ್ತಿ ಉಸಿರು ಸಿಕ್ಕಿಕೊಂಡಿತು. ನರ್ಸು ಆಮ್ಲಜನಕದ ಮುಖವಾಡ ಇಟ್ಟಳು. ಸರ್ಜನ್ ಬರೆಯುವುದನ್ನು ನಿಲ್ಲಿಸಿ, ಪೆನ್ನನ್ನು ಕಿಸೆಗೆ ಹಾಕಿ, ಮಂಚದ ಕೆಳತುದಿಗೆ ಹೋದಳು. ಈ ಸಲ ಅವಳು ಅವಸರ ಮಾಡಲಿಲ್ಲ. ಮೀನಖಂಡವನ್ನು ಎರಡೂ ಕಡೆ ಒತ್ತಿ ನೋಡಿದಳು. ಮೆತ್ತಗಿತ್ತು, ಮರಗಟ್ಟಿರಲಿಲ್ಲ. ಸೂಜಿಯ ತುದಿಯಿಂದ ಪಾದದ ಮೇಲೆಲ್ಲ ಮುಟ್ಟಿದಳು. ಹರಡಿನ ಗಂಟಿನ ಹತ್ತಿರ ಅವನಿಗೆ ತಿಳಿಯುತ್ತಿತ್ತು, ಬೆರಳುಗಳಲ್ಲಿ ಇಲ್ಲ.

"ಹೆಬ್ಬೆರಳು ಅಲ್ಲಾಡಿಸಿ."

ಅವನು ಹಲ್ಲು ಕಚ್ಚಿದ. ಹಣೆಯಲ್ಲಿ ಬೆವರೊಡೆಯಿತು. ಹೆಬ್ಬೆರಳು ಗೋಧಿ ಕಾಳಿನಷ್ಟು ಮೇಲೆದ್ದು ಬಿತ್ತು.

"ಇನ್ನೊಂದ್ಸಲ."

ಮತ್ತೆ ಎದ್ದಿತು. ಸರ್ಜನ್ ನೆಟ್ಟಗೆ ನಿಂತಳು.

"ಕಾಲು ಇನ್ನೂ ಸತ್ತಿಲ್ಲ. ಸಣ್ಣ ನಾಳಗಳು ಎಲ್ಲಿಂದಲೋ ಒಂದಿಷ್ಟು ರಕ್ತ ಕೊಡ್ತಾ ಇವೆ. ಗಂಟೆ ನೋಡಿ ಹೆದರ್ಬೇಕು ನಿಜ, ಆದ್ರೆ ಗಂಟೆಯೊಂದನ್ನೇ ನೋಡಿ ಕಾಲು ಕತ್ತರಿಸಲ್ಲ ನಾವು. ಹೆಪ್ಪು ತೆಗೀತೀನಿ. ಆದ್ರೆ ಅದೊಂದೇ ಸಾಲದು." ಅವಳು ಅವನ ಮೀನಖಂಡದ ಎರಡೂ ಬದಿ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. "ಇಷ್ಟು ಹೊತ್ತು ಹಸಿದಿದ್ದ ಮಾಂಸಕ್ಕೆ ರಕ್ತ ಬಂದ ಕೂಡಲೇ ಅದು ಊದಿಕೊಳ್ಳುತ್ತೆ. ಮೇಲಿರೋ ಪೊರೆ ಹಿಗ್ಗಲ್ಲ. ಒಳಗೊಳಗೇ ಹಿಸುಕಿ ಮತ್ತೆ ರಕ್ತ ನಿಲ್ಲುತ್ತೆ. ಅದಕ್ಕೆ ಇಲ್ಲೂ ಇಲ್ಲೂ ಸೀಳಿ ತೆರೆದಿಡ್ತೀನಿ. ಐದು ಗಂಟೆ ಅನ್ನೋ ನಿಮ್ಮ ಮಾತು ನಂಬಿದ್ರೆ ಇದನ್ನ ಮಾಡ್ತಿರ್ಲಿಲ್ಲ. ಹೊಲಿಗೆ ಹಾಕಿ ಹೋಗ್ತಿದ್ದೆ. ನಾಳೆ ಬೆಳಿಗ್ಗೆ ಬಂದು ಕಾಲು ತೆಗೀತಿದ್ದೆ."

ಗೊರಸಣ್ಣ ಮುಖವಾಡದೊಳಗಿಂದಲೇ ಕೇಳಿದ: "ಗೊರಸಿನೊಳಗೆ ಬಾವು ಬಂದ ಹಾಗೆ?"

"ಅದು ನನಗೆ ಗೊತ್ತಿಲ್ಲ. ನೀವೇ ಹೇಳಿ."

"ಗೊರಸಿನ ಗೋಡೆ ಹಿಗ್ಗಲ್ಲ. ಒಳಗೆ ಊದಿದ್ರೆ ಹಸು ಕಾಲು ಊರಲ್ಲ. ಕೊರೆದು ಜಾಗ ಮಾಡಿಕೊಡ್ತೀನಿ."

"ಹಾಗಾದ್ರೆ ನಿಮಗೆ ನಾನು ಹೇಳೋದೇನೂ ಉಳಿದಿಲ್ಲ. ಸಹಿ ಹಾಕಿ."

ಎರಡು ಕಾಗದಗಳಿದ್ದವು. ಒಂದು ಈ ಶಸ್ತ್ರಚಿಕಿತ್ಸೆಗೆ. ಇನ್ನೊಂದು, ಒಳಗೆ ನೋಡಿದ ಮೇಲೆ ಬೇರೆ ದಾರಿಯಿಲ್ಲದಿದ್ದರೆ ಮೊಣಕಾಲ ಕೆಳಗೆ ಕಾಲು ತೆಗೆಯುವುದಕ್ಕೆ. ಮೊದಲನೆಯದಕ್ಕೆ ಅವನು ಸಹಿ ಹಾಕಿದ. ಎರಡನೆಯದನ್ನು ಹೆಂಡತಿಯ ಕಡೆ ತಳ್ಳಿದ.

"ಹೊತ್ತು ಗೊತ್ತಿರೋರು ಹಾಕ್ಲಿ."

ಅವಳು ಹಾಕಿದಳು. ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತು.

ಅವನ ಎದೆ ಇನ್ನೂ ಸೋತಿದ್ದರಿಂದ ಪೂರ್ತಿ ಮೈಮರೆಸಲು ಧೈರ್ಯ ಮಾಡದೆ ಕುಯ್ಯುವ ಜಾಗಗಳನ್ನಷ್ಟೇ ಮರಗಟ್ಟಿಸಿ, ಮಂಪರು ಬರಿಸಿದರಂತೆ. ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಅವಳು ಮೂರು ಗಂಟೆ ಕೂತಳು. ಮೈದುನ ಕಾಂಪೌಂಡಿನಾಚೆ ಗಾಡಿಯಲ್ಲೇ ಇದ್ದು ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ, ಅತ್ತಿಗೆ ಏನಂದ್ರು, ಅತ್ತಿಗೆ ಏನಂದ್ರು, ಎನ್ನುತ್ತಿದ್ದ. ಮೂರನೆಯ ಸಲ ಅವಳು, ಏನಾದ್ರೂ ಅಂದ್ರೆ ನಿನಗೆ ಹೇಳದೆ ಬಚ್ಚಿಟ್ಕೊಳ್ತೀನಾ ಎಂದು ರೇಗಿದಳು. ಆಮೇಲೆ ಅವಳೇ ಫೋನ್ ಮಾಡಿ ಏನಾದರೂ ತಿಂದೆಯಾ ಎಂದು ಕೇಳಿದಳು.

ಮಧ್ಯಾಹ್ನ ಸರ್ಜನ್ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ತುದಿಯಲ್ಲಿ ಪುಟ್ಟ ಬಲೂನಿರುವ ತೆಳ್ಳನೆಯ ನಳಿಕೆಯನ್ನು ಹೆಪ್ಪಿನಾಚೆ ಇಳಿಸಿ, ಉಬ್ಬಿಸಿ, ಹಿಂದಕ್ಕೆ ಎಳೆದಿದ್ದಳು. ಒಂದು ಗೇಣುದ್ದದ ಕಪ್ಪು ಹೆಪ್ಪು ಹೊರಬಂದಿತ್ತು. ಪಾದಕ್ಕೆ ಬಣ್ಣ ಬಂದಿದೆ ಎಂದಳು. ಅವಳ ಕೈ ಹಿಡಿದುಕೊಳ್ಳಲು ಹೆಂಡತಿ ಮುಂದೆ ಬಂದಾಗ ಸರ್ಜನ್ ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. "ಈಗಲೇ ಸಂತೋಷ ಬೇಡಮ್ಮ. ಈ ಕಾಯಿಲೆಯಲ್ಲಿ ರಕ್ತ ಹೇಳಿದ ಮಾತು ಕೇಳಲ್ಲ."

ಅವಳು ಹೇಳಿದ ಹಾಗೇ ಆಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ನರ್ಸು ಪೆನ್ನಿನ ಯಂತ್ರ ಇಟ್ಟಾಗ ಸದ್ದು ಮತ್ತೆ ನಿಂತಿತ್ತು. ಎರಡನೆಯ ಸಲ ಒಯ್ದರು, ಅದೇ ಗಾಯ ಬಿಚ್ಚಿದರು, ಹೊಸ ಹೆಪ್ಪು ತೆಗೆದರು. ರಕ್ತ ತೆಳುವಾಗಿಸುವ ಔಷಧಿ ಹೆಚ್ಚಿಸಿ, ಆರು ಗಂಟೆಗೊಮ್ಮೆ ರಕ್ತ ತೆಗೆದು ಪರೀಕ್ಷೆ ಮಾಡಿ ಏರಿಸಿ ಇಳಿಸಿದರು. ಮೂತ್ರ ಎರಡು ದಿನ ಚಹಾ ಬಣ್ಣಕ್ಕೆ ತಿರುಗಿತು. ಮಾಂಸದ ವಿಷ ಹೊರಗೆ ಬೀಳುತ್ತಿದೆ ಎಂದು ಬಾಟಲಿಯ ಮೇಲೆ ಬಾಟಲಿ ನೀರು ಏರಿಸಿದರು. ಮೂರನೆಯ ದಿನ ಬಣ್ಣ ತಿಳಿಯಾಯಿತು. ಮೀನಖಂಡದ ಎರಡು ಬದಿಯ ಸೀಳುಗಳು ತೆರೆದೇ ಇದ್ದವು. ಡ್ರೆಸಿಂಗ್ ಬದಲಿಸುವಾಗ ಒಳಗೆ ಕೆಂಪನೆಯ ಮಾಂಸ ಕಾಣುತ್ತಿತ್ತು. ಅವಳು ಮುಖ ತಿರುಗಿಸದೆ ನೋಡಿದಳು.

ಗೊರಸಣ್ಣ ಅವಳ ಜೊತೆ ಮಾತು ಬಿಟ್ಟಿದ್ದ. ನೀರು ಬೇಕಾದರೆ ನರ್ಸನ್ನು ಕರೆಯುವನು. ನರ್ಸು, ಪಕ್ಕದಲ್ಲೇ ಇದಾರಲ್ಲ, ಎಂದರೆ ಸೂರು ನೋಡುವನು. ಅವಳು ಲೋಟ ತುಂಬಿ ಕೈಗೆಟಕುವಲ್ಲಿ ಇಡುವಳು, ಅವನು ಕುಡಿಯುವನು. ನಾಲ್ಕು ದಿನ ಹೀಗೇ ನಡೆಯಿತು. ಪಕ್ಕದ ಮಂಚದ ಮುದುಕ, "ನಿಮ್ಮಿಬ್ಬರಿಗೂ ನಡುವೆ ಏನು ಕೇಸು?" ಎಂದು ಕೇಳಿದ್ದಕ್ಕೆ, "ಗಡಿಯಾರದ ಕೇಸು," ಎಂದ ಗೊರಸಣ್ಣ.

ಐದನೆಯ ದಿನ ಪಾದದ ಕಿರುಬೆರಳು, ಅದರ ಪಕ್ಕದ ಬೆರಳು ಕಪ್ಪಗಾಗಿ ಒಣಗತೊಡಗಿದ್ದು ಕಂಡಿತು. ಗೊರಸಣ್ಣ ಸರ್ಜನ್‌ಗೆ ನೇರವಾಗಿ ಹೇಳಿದ: "ಇವೆರಡೂ ಸತ್ತಿವೆ. ಇವತ್ತೇ ಕತ್ತರಿಸಿ. ಸತ್ತಿದ್ದನ್ನ ಬಿಟ್ರೆ ಜೀವ ಇರೋದಕ್ಕೂ ಹತ್ತುತ್ತೆ."

"ಎಲ್ಲೀವರೆಗೆ ಸತ್ತಿದೆ ಅಂತ ಗೆರೆ ಬೀಳಲಿ. ಈಗ ಕತ್ತರಿಸಿದ್ರೆ ಉಳಿಯೋದನ್ನೂ ಕತ್ತರಿಸಿಬಿಡ್ತೀನಿ. ಮೂರು ವಾರ ಬೇಕು."

"ಮೂರು ವಾರಾನಾ! ನಾನು ಒಂದು ಹಸುವಿಗೆ ಅರ್ಧ ಗಂಟೆ ತಗೊಳ್ಳಲ್ಲ."

"ಹಸು ನಿಮಗೆ ಸುಳ್ಳು ಹೊತ್ತು ಹೇಳಲ್ವಲ್ಲ, ಅದಕ್ಕೆ," ಎಂದಳು ಸರ್ಜನ್. ಹೋಗುವಾಗ ಹೆಂಡತಿಯ ಕಡೆ ತಿರುಗಿ, "ನೀವು ಅವತ್ತು ಬಾಯಿ ಮುಚ್ಕೊಂಡಿದ್ರೆ ಇವತ್ತು ಎರಡು ಬೆರಳಿನ ಮಾತು ಆಡ್ತಿರ್ಲಿಲ್ಲ ನಾವು, ಇಡೀ ಕಾಲಿನ ಮಾತಾಡ್ತಿದ್ವಿ. ಒಳಗೆ ಎಷ್ಟು ಊದಿತ್ತು ಅಂತ ನಾನು ನೋಡಿದೀನಿ," ಎಂದಳು. ಅದನ್ನು ಗಂಡನಿಗೆ ಕೇಳಿಸಲಿ ಎಂದೇ ಹೇಳಿದ ಹಾಗಿತ್ತು.

ಗೊರಸಣ್ಣ ಹೊದಿಕೆಯನ್ನು ಕಪ್ಪು ಬೆರಳುಗಳ ಮೇಲೆ ಎಳೆದುಕೊಂಡ. ಆಮೇಲೆ ಸೂರಿನ ಕಡೆ ಮುಖ ಮಾಡಿ, "ನಮ್ಮ ಹಸುಗಳನ್ನ ಯಾರು ಕರೀತಿದಾರೆ?" ಎಂದ.

"ನಿಮ್ಮ ತಮ್ಮ."

"ಅವನಿಗೆ ಕರೆಯೋಕೆ ಬರುತ್ತಾ?"

"ಬರಲ್ಲ. ಹಸುಗಳೇ ಕಲಿಸ್ತಿವೆಯಂತೆ. ನಿನ್ನೆ ಎರಡು ಸಲ ಒದೆ ತಿಂದನಂತೆ."

ಅವನ ಹೊಟ್ಟೆ ಕುಲುಕಿತು. ನಗು ಕೆಮ್ಮಾಗಿ, ಕೆಮ್ಮು ನಿಂತು, ಅವನು ಕೈ ಚಾಚಿ ಅವಳಿಂದಲೇ ಲೋಟ ಇಸಿದುಕೊಂಡ.

ಎರಡನೆಯ ವಾರ ಸೀಳುಗಳನ್ನು ಹೊಲಿದರು, ಹೊಲಿಗೆಗೆ ಎಟುಕದ ಕಡೆ ತೊಡೆಯ ಚರ್ಮ ತೆಗೆದು ಹಚ್ಚಿದರು. ವೈರಸ್ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ಮೇಲೆ ಅವನನ್ನು ಸಾಮಾನ್ಯ ವಾರ್ಡಿಗೆ ಹಾಕಿದರು. ನಾಲ್ಕನೆಯ ವಾರ ಗೆರೆ ಬಿತ್ತು. ಎರಡು ಬೆರಳು ಹೋದವು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕೆಂದರು. ವ್ಯಾಯಾಮ ಮಾಡಿಸುವವನು ಬಂದು, ನಾಲ್ಕು ಕಾಲಿನ ಊರುಗೋಲು ಕೊಟ್ಟು ನಿಲ್ಲಿಸಿದ. ಗೊರಸಣ್ಣ ಊರುಗೋಲನ್ನು ನೋಡಿ, ಇದಕ್ಕೆ ನಾಲ್ಕು ಕಾಲಿದ್ರೂ ಒಂದಕ್ಕೂ ಗೊರಸಿಲ್ಲ, ಎಂದ. ಮೊದಲ ದಿನ ಮಂಚದಿಂದ ಕಿಟಕಿಯವರೆಗೆ ಹೋದ. ಬೆರಳಿಲ್ಲದ ಕಡೆ ಪಾದ ಹೊರಕ್ಕೆ ವಾಲುತ್ತಿತ್ತು. ಹೆಂಡತಿ ಪಕ್ಕದಲ್ಲಿ ತೋಳು ಕೊಟ್ಟು ನಡೆದಳು. ಎರಡನೆಯ ದಿನ ವಾರ್ಡಿನ ಬಾಗಿಲವರೆಗೆ ಹೋದ.

ಮೂರನೆಯ ದಿನ ಬೆಳಿಗ್ಗೆ ಅವಳು ಬಟ್ಟೆ ಮಡಚುತ್ತಿದ್ದಾಗ ಅವನು ತಾನೇ ಎದ್ದ. ಅವಳು ಧಾವಿಸಿ ಬಂದಳು.

"ಎಲ್ಲಿಗೆ?"

"ಎಲ್ಲಿಗೆ ಅಂತ ವಾರ್ಡಿಗೆಲ್ಲ ಡಂಗುರ ಸಾರಬೇಕಾ? ಪಾಯಖಾನೆಗೆ."

ತಿಂಗಳಿನಿಂದ ಮಂಚದ ಮೇಲೇ ಪಾತ್ರೆ ಇಡಿಸಿಕೊಂಡು, ಪ್ರತಿ ಸಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಮನುಷ್ಯ. ಅವಳು ತೋಳು ಕೊಡಲು ಹೋದಳು. ಅವನು ಬೇಡವೆನ್ನದೆ, ಆದರೆ ಹಿಡಿಯದೆ, ಊರುಗೋಲು ಎತ್ತಿಟ್ಟು ಎತ್ತಿಟ್ಟು ಹೊರಟ. ಎಂಟು ಮಂಚ ದಾಟಬೇಕು. ನಾಲ್ಕನೆಯ ಮಂಚದ ಹತ್ತಿರ ನಿಂತು ಉಸಿರು ತೆಗೆದುಕೊಂಡ. ಅವಳು ಒಂದು ಹೆಜ್ಜೆ ಹಿಂದೆಯೇ ನಿಂತಳು. ಆಮೇಲೆ ಮತ್ತೆ ನಡೆದು, ಪಾಯಖಾನೆಯ ಹೊಸ್ತಿಲಲ್ಲಿ ಬಲಗಾಲು ಮೊದಲು ಇಟ್ಟು, ಎಡಗಾಲನ್ನು ಎಳೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಅವಳು ಬಾಗಿಲ ಹತ್ತಿರವೇ ಗೋಡೆಗೆ ಆತು ನಿಂತಳು. ಒಳಗೆ ಊರುಗೋಲು ನೆಲಕ್ಕೆ ಬಡಿದ ಸದ್ದು, ಆಮೇಲೆ ನಲ್ಲಿಯ ಸದ್ದು.

"ಇನ್ನೂ ಅಲ್ಲೇ ನಿಂತಿದೀಯಾ?" ಒಳಗಿಂದ ಅವನು ಕೂಗಿದ.

"ಇಲ್ಲ."

"ಹಾಗಾದ್ರೆ ಯಾರು ಮಾತಾಡ್ತಿರೋದು? ಹೋಗೇ, ಜನ ನೋಡ್ತಾರೆ."

ಅವಳು ಮಂಚದ ಹತ್ತಿರ ಹೋಗಿ, ಅರ್ಧ ಮಡಚಿದ ಬಟ್ಟೆ ಎತ್ತಿಕೊಂಡು, ಉಳಿದರ್ಧ ಮಡಚಿದಳು.